ಹನ್ನೊಂದನೆಯ ಪ್ರಶ್ನೆಗೆ ಆಫೀಸಕ್ಕ ಕೊಟ್ಟ ಉತ್ತರ

ಕಾರ್ಖಾನೆಯಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಜಮಾನರಿಂದ ಹಿಡಿದು ಗೇಟಿನ ಕಾವಲುಗಾರರವರೆಗೆ ಎಲ್ಲರಿಗೂ ಅವರು ಆಫೀಸಕ್ಕ. ಹತ್ತೊಂಬತ್ತನೆಯ ವಯಸ್ಸಿಗೆ ಟೈಪಿಸ್ಟ್ ಆಗಿ ಸೇರಿದವರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಅದೇ ಕುರ್ಚಿಯಲ್ಲಿ ಮೂವತ್ತೊಂಬತ್ತು ವರ್ಷ ಕೂತಿದ್ದರು. ನಾನು ವಿಮೆ ಏಜೆಂಟ್. ಆ ಕಾರ್ಖಾನೆಯ ಬೆಂಕಿ ವಿಮೆ, ಯಂತ್ರಗಳ ವಿಮೆ, ಕೆಲಸಗಾರರ ವಿಮೆ ಎಲ್ಲ ನನ್ನ ಕೈಯಿಂದಲೇ ಆಗುತ್ತಿತ್ತು. ಹಾಗಾಗಿ ಆ ಕುರ್ಚಿಯ ಎದುರಿನ ಸ್ಟೂಲಿನ ಮೇಲೆ ನಾನು ಕೂತ ಲೆಕ್ಕವಿಲ್ಲ. ಅವರ ಕಥೆ ಹೇಳುವಾಗ ನನ್ನ ಪಾಲನ್ನೂ ಹೇಳಲೇಬೇಕಾಗುತ್ತದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ.

ಕಾರ್ಖಾನೆ ಅಚ್ಚುಗಳದ್ದು. ಬಾಟಲಿಯ ಮುಚ್ಚಳ, ಬಾಚಣಿಗೆ, ಗುಂಡಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿ, ಹೀಗೆ ಪ್ಲಾಸ್ಟಿಕ್ಕಿನಲ್ಲಿ ಏನು ಮಾಡಬೇಕಾದರೂ ಮೊದಲು ಉಕ್ಕಿನಲ್ಲಿ ಅದರ ಅಚ್ಚು ಕೊರೆಯಬೇಕು. ಆ ಕೊರೆಯುವ ಕೆಲಸ ಇವರದ್ದು. ತಗಡಿನ ಮಾಡಿನ ಎರಡು ಶೆಡ್ಡು, ಅರವತ್ತನಾಲ್ಕು ಜನ, ಹನ್ನೆರಡು ದೊಡ್ಡ ಯಂತ್ರಗಳು. ಆಫೀಸಿಗೂ ಯಂತ್ರಗಳಿಗೂ ನಡುವೆ ಒಂದು ಗಾಜಿನ ಗೋಡೆ. ಆಫೀಸಕ್ಕನ ಮೇಜು ಆ ಗಾಜಿಗೆ ಒತ್ತಿಕೊಂಡೇ ಇತ್ತು. ತಲೆ ಎತ್ತದೆಯೇ, ಸದ್ದು ಕೇಳಿಯೇ, "ಏಳನೇ ಮೆಷಿನ್ ಯಾಕೋ ಕೆಮ್ತಾ ಇದೆ, ಎಣ್ಣೆ ನೋಡಿ" ಅನ್ನುತ್ತಿದ್ದರು. ಹೋಗಿ ನೋಡಿದರೆ ನಿಜಕ್ಕೂ ಎಣ್ಣೆ ಕಡಿಮೆ ಇರುತ್ತಿತ್ತು.

ಅವರ ಬಗ್ಗೆ ಎಲ್ಲರೂ ನಗುತ್ತಿದ್ದ ಒಂದು ವಿಷಯವಿತ್ತು. ಅರ್ಜಿಯಲ್ಲಿ ಖಾಲಿ ಜಾಗ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೇರೆಯವರು ಗೀಟು ಹಾಕಿ ಬಿಡುವ ಕಡೆಯೂ ಏನಾದರೊಂದು ಬರೆದೇ ತೀರುವರು. "ಅಕ್ಕನ ಕೈಗೆ ಗೋಡೆ ಕೊಟ್ರೂ ತುಂಬಿಸಿ ಸಹಿ ಹಾಕಿಸ್ಕೊಂಡು ಬರ್ತಾಳೆ" ಎಂದು ಅವರ ತಮ್ಮನೇ ಹೇಳುತ್ತಿದ್ದ. ಆ ತಮ್ಮ ಅದೇ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸದವನು. ಅಚ್ಚಿನ ಒಳಮೈಯನ್ನು ಕನ್ನಡಿಯಂತೆ ಹೊಳೆಯುವ ತನಕ ಉಜ್ಜುವುದು ಅವನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿಸಿದ್ದೆಲ್ಲ ಅಕ್ಕನೇ.

ಇನ್ನೊಬ್ಬರು ಮೈಕ್ರಾನ್ ಮಾವ. ಅಚ್ಚಿನ ಹಿರಿಯ ಕುಶಲಕರ್ಮಿ. ಕೂದಲೆಳೆಯನ್ನು ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು ಅಳತೆಗೆ ಮೈಕ್ರಾನ್ ಎನ್ನುತ್ತಾರೆ. ಅಷ್ಟು ಹೆಚ್ಚುಕಡಿಮೆಯಾದರೂ ಮಾವ ಇಡೀ ಶೆಡ್ಡು ಕೇಳುವಂತೆ ಜಗಳ ತೆಗೆಯುತ್ತಿದ್ದರಿಂದ ಆ ಹೆಸರು. ಯಾವ ಉಕ್ಕನ್ನು ಎಷ್ಟು ಬಿಸಿಯಲ್ಲಿ ಕೊರೆದರೆ ಎಷ್ಟು ಕುಗ್ಗುತ್ತದೆ, ಯಾವ ಮೂಲೆಯಲ್ಲಿ ಕೈ ತಡೆಯಬೇಕು ಎಂಬುದನ್ನೆಲ್ಲ ಅವರು ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಮುನ್ನೂರ ನಲವತ್ತು ಅಚ್ಚುಗಳ ಜಾತಕ ಅದರಲ್ಲಿತ್ತು.

ಮಾವ ನಿವೃತ್ತರಾಗುವ ಮುಂಚಿನ ವರ್ಷ ಆಫೀಸಕ್ಕ ಆ ಪುಸ್ತಕಗಳನ್ನು ಪುಟಪುಟವಾಗಿ ಕಂಪ್ಯೂಟರಿಗೆ ಏರಿಸಿದರು. ಮಾವ ಪಕ್ಕದಲ್ಲಿ ಕೂತು ಓದುವುದು, ಇವರು ಟೈಪ್ ಮಾಡುವುದು. ಹನ್ನೊಂದು ತಿಂಗಳು ಹಿಡಿಯಿತು. ಮುಗಿದ ವಾರವೇ ಆಫೀಸಿಗೆ ಬಣ್ಣ ಬಳಿಸಬೇಕೆಂದು ಕಪಾಟು ಖಾಲಿ ಮಾಡುವ ಕೆಲಸ ಬಂತು.

"ಮಾವ, ಎಲ್ಲಾ ಕಂಪ್ಯೂಟರಿಗೆ ಬಂದಾಯ್ತಲ್ಲ. ಈ ಪುಸ್ತಕಗಳು ಸುಮ್ನೆ ಧೂಳು ತಿಂತಿವೆ. ಹಳೇ ಪೇಪರಿನವರಿಗೆ ಕೊಟ್ಟುಬಿಡಲಾ?"

ಮಾವ ಒಂದು ಪುಸ್ತಕ ತೆಗೆದು ಹಾಳೆ ತಿರುವಿದರು. "ಅದರೊಳಗೆ ಭದ್ರವಾಗಿರುತ್ತೆ ತಾನೇ, ತಾಯಿ?"

"ನನ್ನ ಮೇಲೆ ಬಿಡಿ ಮಾವ. ನಾನಿದೀನಲ್ಲ."

ಮೊದಲನೆಯ ಪುಸ್ತಕವನ್ನು ಮಾತ್ರ ಬಗಲಿಗೆ ಇಟ್ಟುಕೊಂಡು ಮಾವ ಮನೆಗೆ ಹೋದರು. ಉಳಿದ ಮೂವತ್ತು ತಕ್ಕಡಿಗೆ ಹೋದವು. ಬಂದ ಚಿಲ್ಲರೆಯಲ್ಲಿ ಅಂದು ಎಲ್ಲರಿಗೂ ಚಹಾ ಆಯಿತು. ನಾನೂ ಅಲ್ಲಿದ್ದೆ. ಒಂದು ಲೋಟ ಕುಡಿದೆ.

ಆ ಮೇಲೆ ಎರಡು ವರ್ಷಕ್ಕೆ ನಮ್ಮ ಕಂಪನಿ ಹೊಸದೊಂದು ವಿಮೆ ತಂದಿತು. ಸೈಬರ್ ವಿಮೆ. ಬೆಂಕಿ ವಿಮೆ ಬೆಂಕಿಗೆ, ಪ್ರವಾಹಕ್ಕೆ. ಯಾರೋ ಎಲ್ಲೋ ಕೂತು ನಿಮ್ಮ ಕಂಪ್ಯೂಟರಿಗೆ ಬೀಗ ಜಡಿದು, ಹಣ ಕೊಟ್ಟರೆ ಮಾತ್ರ ತೆಗೆಯುತ್ತೇವೆ ಎಂದರೆ ಅದಕ್ಕೆ ಆ ವಿಮೆ ಕಾಸು ಕೊಡುವುದಿಲ್ಲ. ಕೆಲಸ ನಿಂತ ದಿನಗಳ ನಷ್ಟ, ಕಂಪ್ಯೂಟರ್ ಮತ್ತೆ ಎಬ್ಬಿಸುವ ಖರ್ಚು, ಎಲ್ಲ ಈ ಹೊಸ ವಿಮೆಯಲ್ಲಿ ಸಿಗುತ್ತಿತ್ತು. ಯಜಮಾನರಿಗೆ ಹೇಳಿದೆ. "ನಮ್ಮಂಥ ಸಣ್ಣವರ ಹತ್ತಿರ ಯಾರು ಕಳ್ಳತನ ಮಾಡ್ತಾರ್ರೀ" ಎಂದು ಮೊದಲು ನಕ್ಕರು. ಪಕ್ಕದ ಪೈಪ್ ಕಾರ್ಖಾನೆ ಒಂಬತ್ತು ದಿನ ನಿಂತಿದ್ದನ್ನು ಹೇಳಿದ ಮೇಲೆ ಒಪ್ಪಿದರು. ಅರ್ಜಿ ತುಂಬುವ ಕೆಲಸ ಎಂದಿನಂತೆ ಆಫೀಸಕ್ಕನ ಮೇಜಿಗೆ ಬಂತು.

ನಾಲ್ಕು ಪುಟದ ಅರ್ಜಿ. ಹನ್ನೊಂದನೆಯ ಪ್ರಶ್ನೆಗೆ ಬಂದಾಗ ಅವರ ಪೆನ್ನು ನಿಂತಿತು. ಮಾಹಿತಿಯ ನಕಲು ಪ್ರತಿಯನ್ನು ವಾರಕ್ಕೊಮ್ಮೆ ತೆಗೆದು, ಕಂಪ್ಯೂಟರ್‌ಗಳಿಂದ ಪೂರ್ತಿ ಕಳಚಿ, ಬೇರೆ ಕಡೆ ಇಡುತ್ತೀರಾ ಎಂಬುದು ಪ್ರಶ್ನೆ.

"ಇದಕ್ಕೇನು ಬರೀಲಿ?" ಎಂದರು. "ನಕಲೇನೋ ಆಗುತ್ತೆ. ಆ ಕರೀ ಡಿಸ್ಕ್ ಇದೆಯಲ್ಲ, ಅದರೊಳಗೆ. ಆದರೆ ಕಳಚಿ ಇಡಲ್ಲ. ಪ್ರತಿ ಸಲ ಸಿಕ್ಕಿಸೋದು, ಮೂರು ಗಂಟೆ ಕಾಯೋದು, ಬಿಚ್ಚೋದು, ಯಾರಿಗೆ ಪುರಸೊತ್ತು? ಅದು ಸದಾ ಸಿಕ್ಕಿಸಿಯೇ ಇರುತ್ತೆ."

ಸೋಪಿನಷ್ಟು ದಪ್ಪದ ಆ ಡಿಸ್ಕ್ ಅವರ ಮೇಜಿನ ಕೆಳಗೇ ಸಣ್ಣ ನೀಲಿ ದೀಪ ಮಿನುಗಿಸುತ್ತ ಕೂತಿತ್ತು. ನಾನೂ ಬಗ್ಗಿ ನೋಡಿದೆ.

ತಿಂಗಳ ಕೊನೆ. ನನ್ನ ಗುರಿ ಮುಟ್ಟಲು ಎರಡು ಪಾಲಿಸಿ ಬಾಕಿ ಇದ್ದವು. ನಾನು ಹೇಳಿದ ಮಾತು ಇದು: "ಹೌದು ಅಂತ ಹಾಕಿಬಿಡಿ ಅಕ್ಕ. ಈ ಶುಕ್ರವಾರದಿಂದ ಕಳಚಿ ಇಡೋಕೆ ಶುರು ಮಾಡಿದ್ರಾಯ್ತು. ಇಲ್ಲ ಅಂದ್ರೆ ಮೇಲಿನವರು ನೂರೆಂಟು ಕೇಳ್ತಾರೆ, ಸುಮ್ನೆ ಎಳೀತಾರೆ."

"ಸುಳ್ಳಾಗಲ್ವಾ?"

"ಶುಕ್ರವಾರ ಮಾಡಿದ್ರೆ ಯಾಕೆ ಸುಳ್ಳಾಗುತ್ತೆ?"

ಅವರು 'ಹೌದು' ಎಂದು ಗುರುತು ಹಾಕಿದರು. ಅಕ್ಕ ತುಂಬಿದ್ದಲ್ಲವೇ ಎಂದು ಯಜಮಾನರು ಓದದೆಯೇ ಕೊನೆಯಲ್ಲಿ ಸಹಿ ಮಾಡಿದರು.

ಹೇಳಿದಂತೆ ಅವರು ಮೂರು ಶುಕ್ರವಾರ ಡಿಸ್ಕನ್ನು ಬಿಚ್ಚಿ ಕಬ್ಬಿಣದ ಬೀರುವಿನಲ್ಲಿ ಇಟ್ಟರು. ನಾಲ್ಕನೆಯ ವಾರ ಮುಚ್ಚಳದ ದೊಡ್ಡ ಆರ್ಡರ್ ಬಂತು. ಯಾರಿಗೂ ಮುಖ ತೊಳೆಯಲು ಪುರಸೊತ್ತಿರಲಿಲ್ಲ. ಡಿಸ್ಕ್ ಮತ್ತೆ ಮೇಜಿನ ಕೆಳಗೆ ಸೇರಿತು. ನಾನು ಆ ವರ್ಷ ಆರೇಳು ಸಲ ಹೋಗಿದ್ದೆ. ಒಂದು ಸಲವೂ ಬಗ್ಗಿ ನೋಡಲಿಲ್ಲ.

ಎಂಟು ತಿಂಗಳ ನಂತರ, ಒಂದು ಸೋಮವಾರ ಬೆಳಿಗ್ಗೆ, ಪಾಳಿ ಶುರುವಾಗಿ ಅರ್ಧ ಗಂಟೆಯಾಗಿತ್ತಷ್ಟೆ. ಯಂತ್ರಗಳು ಕೊರೆಯುವ ದಾರಿಯನ್ನು ಒಳಗಿನ ಒಂದು ದೊಡ್ಡ ಕಂಪ್ಯೂಟರಿನಿಂದ ಕೇಳಿ ಪಡೆಯುತ್ತಿದ್ದವು. ಅಂದು ಅಲ್ಲಿಂದ ಉತ್ತರ ಬರಲಿಲ್ಲ. ಕೈಯಲ್ಲಿದ್ದ ತುಂಡನ್ನು ಮುಗಿಸಿ ಒಂದೊಂದೇ ಯಂತ್ರ ನಿಂತಿತು. ಆಫೀಸಕ್ಕ ಸದ್ದು ಅಡಗಿದ್ದು ಕೇಳಿ ತಲೆ ಎತ್ತಿದರು. ಅಷ್ಟು ಹೊತ್ತಿಗೆ ಅವರ ಪರದೆಯ ಮೇಲೂ ಕೆಂಪು ಅಕ್ಷರಗಳು ಬಂದಿದ್ದವು. ನಿಮ್ಮ ಎಲ್ಲ ಕಡತಗಳಿಗೆ ಬೀಗ ಬಿದ್ದಿದೆ, ಕೀಲಿಗೆ ಇಷ್ಟು ಕೊಡಿ, ಐದು ದಿನ ಸಮಯ, ಎಂದು.

ಯಂತ್ರ ಮಾರಿದವರು ದೂರದಿಂದಲೇ ರಿಪೇರಿ ನೋಡಲೆಂದು ಇಟ್ಟಿದ್ದ ಒಂದು ದಾರಿಯಿಂದ ಕಳ್ಳರು ಒಳಗೆ ನುಗ್ಗಿದ್ದರು ಎಂದು ಆಮೇಲೆ ತಿಳಿಯಿತು. ಅದರ ಪಾಸ್‌ವರ್ಡ್ ಕಾರ್ಖಾನೆಯ ಹೆಸರೇ ಆಗಿತ್ತು. ಅದನ್ನು ಯಾರು ಇಟ್ಟಿದ್ದರು ಎಂಬುದು ಕೊನೆಗೂ ಗೊತ್ತಾಗಲಿಲ್ಲ.

ಆಫೀಸಕ್ಕ ಮೊದಲು ಮಾಡಿದ ಕೆಲಸ ಮೇಜಿನ ಕೆಳಗೆ ಮಂಡಿಯೂರಿ ಡಿಸ್ಕನ್ನು ಕಿತ್ತಿದ್ದು. ಅದನ್ನು ಎದೆಗೆ ಅವುಚಿಕೊಂಡು ಯಜಮಾನರ ಮನೆಯ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಕಡತಗಳೆಲ್ಲ ಇದ್ದವು. ಒಂದೊಂದರ ಹೆಸರಿನ ತುದಿಗೂ ಅರ್ಥವಿಲ್ಲದ ಆರು ಅಕ್ಷರ ಅಂಟಿಕೊಂಡಿತ್ತು. ಒಂದೂ ತೆರೆಯಲಿಲ್ಲ. ಕಂಪ್ಯೂಟರಿಗೆ ಬಿದ್ದ ಬೀಗ, ಸಿಕ್ಕಿಸಿಯೇ ಇದ್ದ ಡಿಸ್ಕಿಗೂ ಬಿದ್ದಿತ್ತು.

"ಹೋಗಲಿ ಬಿಡು, ವಿಮೆ ಇದೆಯಲ್ಲ" ಎಂದರಂತೆ ಯಜಮಾನರು. ಆ ಮಾತು ಕೇಳಿದಾಗ ಆಫೀಸಕ್ಕನಿಗೆ ಹನ್ನೊಂದನೆಯ ಪ್ರಶ್ನೆ ನೆನಪಾಯಿತಂತೆ.

ಮೂರನೆಯ ದಿನ ನಮ್ಮ ಕಂಪನಿಯಿಂದ ನಷ್ಟ ಪರಿಶೀಲಿಸುವ ಸರ್ವೇಯರ್ ಬಂದರು. ಕಂಪ್ಯೂಟರ್ ವಿಷಯ ಬಲ್ಲ, ಮೆಲುದನಿಯ ಹೆಣ್ಣುಮಗಳು. ಅವರು ಒಳಗೆ ಬರುವ ಮುಂಚೆ ಪಾಲಿಶ್ ಕೆಲಸದ ತಮ್ಮ ಆಫೀಸಕ್ಕನನ್ನು ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿದ್ದ. ನಾನು ಪಕ್ಕದಲ್ಲೇ ಇದ್ದೆ.

"ಅವತ್ತು ಬೆಳಿಗ್ಗೆ ನಕಲು ತೆಗೆಯೋಕೆ ಸಿಕ್ಕಿಸಿದ್ದೆ, ಅಷ್ಟರಲ್ಲಿ ಹಿಂಗಾಯ್ತು ಅಂತ ಹೇಳು. ಅಷ್ಟು ಸಾಕು. ಯಾರು ನೋಡೋಕೆ ಬಂದಿದ್ರು?"

ಅಕ್ಕ ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಒಳಗೆ ನಡೆದರು.

ಒಳಗೆ ಸರ್ವೇಯರ್ ಅರ್ಜಿಯನ್ನು ಮೇಜಿನ ಮೇಲೆ ಹರಡಿ ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟರು. "ಈ ಡಿಸ್ಕ್ ಯಾವತ್ತಿಂದ ಸಿಕ್ಕಿಸಿತ್ತು, ಮೇಡಂ?"

ಯಜಮಾನರು ಆಫೀಸಕ್ಕನ ಮುಖ ನೋಡಿದರು. ಗಾಜಿನ ಆಚೆ ತಮ್ಮ ನಿಂತಿದ್ದ.

"ಏಳು ತಿಂಗಳಿಂದ" ಎಂದರು ಆಫೀಸಕ್ಕ. "ಮೂರು ವಾರ ಕಳಚಿ ಇಟ್ಟೆ. ಆಮೇಲೆ ಇಡಲಿಲ್ಲ."

"ಅರ್ಜಿ ತುಂಬಿದ ದಿನ?"

"ಅವತ್ತೂ ಕಳಚಿ ಇಡ್ತಿರಲಿಲ್ಲ."

"ಮತ್ತೆ ಹೌದು ಅಂತ ಯಾಕೆ ಬರೆದ್ರಿ? ಯಾರಾದರೂ ಹಾಗೆ ಬರೀಬೇಕು ಅಂತ ಹೇಳಿದ್ರಾ?"

ನಾನು ಅವರ ಎಡಗಡೆಯ ಕುರ್ಚಿಯಲ್ಲೇ ಕೂತಿದ್ದೆ. ಒಂದು ಮೊಳದ ದೂರ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಯಾರೂ ಹೇಳಲಿಲ್ಲ. ನಾನೇ ಬರೆದೆ."

ಎದುರಿಗೆ ನೀರಿನ ಲೋಟ ಇತ್ತು. ನಾನು ಅದನ್ನೆತ್ತಿಕೊಂಡು ಕುಡಿದೆ. ಪೂರ್ತಿ ಕುಡಿದೆ. ಬಾಯಿ ತೆರೆಯಲು ನನಗೆ ಸಿಕ್ಕ ಸಮಯವನ್ನೆಲ್ಲ ಆ ಲೋಟದಲ್ಲೇ ಕಳೆದೆ. ಏಜೆಂಟ್ ಪರವಾನಗಿ, ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳು, ಮನೆ ಬಾಡಿಗೆ, ಎಲ್ಲವೂ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಇವನ್ನು ನೆಪ ಎನ್ನಬೇಕೋ ಕಾರಣ ಎನ್ನಬೇಕೋ ನನಗೆ ಇಂದಿಗೂ ಗೊತ್ತಿಲ್ಲ.

ಸರ್ವೇಯರ್ ಬ್ಯಾಗು ಮುಚ್ಚುವಾಗ ನಿಜವಾದ ಸಂಕಟದಿಂದಲೇ ಒಂದು ಮಾತು ಹೇಳಿದರು. "ನೀವು ಇಲ್ಲ ಅಂತ ಬರೆದಿದ್ರೂ ಪಾಲಿಸಿ ಸಿಗ್ತಿತ್ತು, ಮೇಡಂ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗ್ತಿತ್ತು. ಮೂರು ತಿಂಗಳೊಳಗೆ ಸರಿ ಮಾಡ್ಕೊಳ್ಳಿ ಅಂತ ಹೇಳಿ, ನಮ್ಮವರೇ ಬಂದು ನೋಡ್ಕೊಂಡು ಹೋಗ್ತಿದ್ರು."

ಬಂದು ನೋಡುತ್ತಿದ್ದರು ಎಂಬ ಮಾತು ನನಗೂ ಹೊಸದೇ. ಆ ಪಾಲಿಸಿಯ ಕೈಪಿಡಿ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಓದಿರಲಿಲ್ಲ.

ಆರು ವಾರದ ಮೇಲೆ ಪತ್ರ ಬಂತು. ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಪಾಲಿಸಿ ಮೊದಲಿಂದಲೇ ಇರಲಿಲ್ಲ ಎಂದು ಭಾವಿಸಲಾಗಿದೆ, ಕಟ್ಟಿದ ಪ್ರೀಮಿಯಂ ವಾಪಸ್ ಕೊಡಲಾಗುತ್ತದೆ, ಎಂದು. ಅದನ್ನು ಕೈಯಾರೆ ತಲುಪಿಸಿದವನು ನಾನೇ. ಕಳ್ಳರು ಕೇಳಿದ ಮೊತ್ತ ಕೊಡುವ ತಾಕತ್ತು ಯಜಮಾನರಿಗಿರಲಿಲ್ಲ. ಕೊಟ್ಟರೂ ಕೀಲಿ ಸಿಗುತ್ತದೆಂಬ ಭರವಸೆ ಇಲ್ಲ ಎಂದು ಪೊಲೀಸರೂ ಹೇಳಿದ್ದರು.

ಅಷ್ಟರಲ್ಲಿ ಆಫೀಸಕ್ಕ ಮೈಕ್ರಾನ್ ಮಾವನ ಮನೆಗೆ ಹೋಗಿಬಂದಿದ್ದರು. ಅವರು ಅತಿ ಹೆಚ್ಚು ಹೆದರಿದ್ದು ಆ ಬಾಗಿಲಿಗೆ ಎಂದು ನನ್ನ ಹತ್ತಿರ ಹೇಳಿದ್ದಾರೆ. ಮಾವನ ಕಣ್ಣು ಆಗಲೇ ಮಂಜಾಗಿತ್ತು. ಬಾಗಿಲು ತೆರೆದವರು ದನಿಯಿಂದಲೇ ಗುರುತು ಹಿಡಿದರು.

"ಮಾವ, ಎಲ್ಲಾ ಹೋಯ್ತು. ನಿಮ್ಮ ಪುಸ್ತಕದ್ದೆಲ್ಲಾ."

ಮಾವ ಗೋಡೆ ಹಿಡಿದು ಹೋಗಿ ಕುರ್ಚಿಯಲ್ಲಿ ಕೂತರು. "ಬಾಚಣಿಗೆದೂ?"

"ಅದೂ."

ಆ ಬಾಚಣಿಗೆಯ ಅಚ್ಚಿಗೆ ಮಾವ ಹದಿನಾಲ್ಕು ತಿಂಗಳು ಕೊಟ್ಟಿದ್ದರು. ಎಂಬತ್ತೆರಡು ಹಲ್ಲು, ಒಂದಕ್ಕಿಂತ ಒಂದು ಸಣ್ಣ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಫೀಸಕ್ಕ ಎಷ್ಟೋ ಸಲ ಹೇಳಿದ್ದಾರೆ.

"ಕೂತ್ಕೋ ತಾಯಿ, ಯಾಕೆ ನಿಂತೇ ಇದೀಯ" ಎಂದರು ಮಾವ. "ಕಾಗದ ಹೋದ್ರೆ ಹೋಯ್ತು. ಅಚ್ಚುಗಳು ಗಿರಾಕಿಗಳ ಹತ್ತಿರ ಇವೆಯಲ್ಲ? ಉಕ್ಕಿಗೆ ಯಾರೂ ಬೀಗ ಹಾಕಿಲ್ಲ. ಒಂದೊಂದನ್ನೇ ತರ್ಸು. ಅಳೆದು ಬರೆಯೋಣ."

ಹಾಗೆ ಶುರುವಾಯಿತು. ಮಾವ ಮನೆಗೆ ಒಯ್ದಿದ್ದ ಮೊದಲನೆಯ ಪುಸ್ತಕದಲ್ಲಿ ಇದ್ದದ್ದು ಹಳೆಯ ಏಳೆಂಟು ಅಚ್ಚುಗಳ ವಿವರ ಮಾತ್ರ. ಯಜಮಾನರು ಗಿರಾಕಿಗಳ ಕೈಕಾಲು ಹಿಡಿದು ಅಚ್ಚುಗಳನ್ನು ಎರವಲು ತರಿಸುತ್ತಿದ್ದರು. ಕೆಲವರು ಕೊಟ್ಟರು. ಕೆಲವರು, ನಿಮ್ಮ ಹತ್ತಿರವೇ ಏನೂ ಉಳಿದಿಲ್ಲ ಅಂದ ಮೇಲೆ ನಾವು ಬೇರೆಯವರ ಹತ್ತಿರ ಹೋಗ್ತೀವಿ ಎಂದರು. ಮಾವ ಬೆರಳ ತುದಿಯಿಂದ ಅಚ್ಚಿನ ಅಂಚು ಸವರಿ, ಅಳತೆಯ ಸಾಧನವನ್ನು ಸರಿಯಾದ ಜಾಗಕ್ಕೆ ತಾಗಿಸಿ, "ಎಷ್ಟು?" ಎನ್ನುವರು. ಆಫೀಸಕ್ಕ ಅಂಕಿ ಓದಿ ಬರೆದುಕೊಳ್ಳುವರು. ಅಳತೆ ಸಿಗುತ್ತಿತ್ತು. ಯಾಕೆ ಆ ಅಳತೆ ಎಂಬುದು ಮಾವನಿಗೂ ಎಷ್ಟೋ ಕಡೆ ನೆನಪಿರಲಿಲ್ಲ. "ಇಲ್ಲಿ ಏನೋ ಕಾರಣಕ್ಕೆ ಎರಡು ಮೈಕ್ರಾನ್ ಬಿಟ್ಟಿದ್ದೆ ತಾಯಿ... ಬರೆದಿದ್ದೆನಲ್ಲ" ಎಂದು ಹಣೆ ತಿಕ್ಕಿಕೊಳ್ಳುವರು. ಆಗ ಆಫೀಸಕ್ಕ ಅಂಕಿ ಬರೆಯುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದರಂತೆ.

ಒಂದೂವರೆ ವರ್ಷದಲ್ಲಿ ಎಂಬತ್ತೇಳು ಅಚ್ಚುಗಳ ಅಳತೆ ವಾಪಸ್ ಬಂತು. ಎಂಬತ್ತೆಂಟನೆಯದು ಮೇಜಿನ ಮೇಲೆ ಇರುವಾಗಲೇ ಮಾವ ಹಾಸಿಗೆ ಹಿಡಿದರು. ಇಪ್ಪತ್ತು ದಿನಕ್ಕೆ ತೀರಿಕೊಂಡರು. ಬಾಚಣಿಗೆಯ ಅಚ್ಚನ್ನು ಅದರ ಗಿರಾಕಿ ಕೊನೆಗೂ ಕಳಿಸಲಿಲ್ಲ.

ಕಾರ್ಖಾನೆ ಪೂರ್ತಿ ಮುಚ್ಚಲಿಲ್ಲ. ಎರಡನೆಯ ಶೆಡ್ಡನ್ನು ಮಾರಿದರು. ಅರವತ್ತನಾಲ್ಕು ಜನರಲ್ಲಿ ಇಪ್ಪತ್ತೊಂಬತ್ತು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಹೊಸ ಅಚ್ಚಿನ ಕೆಲಸ ಕಡಿಮೆಯಾದ ಮೇಲೆ ಪಾಲಿಶ್ ವಿಭಾಗವೇ ಬೇಡವಾಯಿತು. ಪಟ್ಟಿಯನ್ನು ಟೈಪ್ ಮಾಡಿದ್ದು ಆಫೀಸಕ್ಕ. ತಮ್ಮನ ಹೆಸರು ಹದಿನೇಳನೆಯದು. ಯಜಮಾನರು, "ಇದನ್ನ ಬೇರೆ ಯಾರಾದ್ರೂ ಮಾಡ್ಲಿ ಬಿಡಮ್ಮ" ಎಂದರಂತೆ. ಅವರು ಬಿಡಲಿಲ್ಲ.

ತಮ್ಮ ಅಂದು ಆಫೀಸಿನೊಳಗೆ ಬಂದು, ಎಲ್ಲರೆದುರಿಗೆ, ಏರುದನಿಯಿಲ್ಲದೆ ಕೇಳಿದ. "ಮೊದಲು ಬರೆದಿದ್ದು ಸುಳ್ಳು. ಆಮೇಲೆ ಒಂದೇ ಒಂದು ಸುಳ್ಳು ಹೇಳಿದ್ರೆ ಇಪ್ಪತ್ತೊಂಬತ್ತು ಮನೆ ಉಳೀತಿದ್ವು. ಆಗ ನಿಂಗೆ ಸತ್ಯ ನೆನಪಾಯ್ತಾ ಅಕ್ಕ?"

"ಡಿಸ್ಕ್ ಬಿಚ್ಚಿ ನೋಡಿದ್ರೆ ಅವರಿಗೆ ಗೊತ್ತಾಗ್ತಿತ್ತು ಕಣೋ. ತಾರೀಖೆಲ್ಲಾ ಅದರೊಳಗೇ ಇರುತ್ತಂತೆ."

"ಅದು ಆವತ್ತು ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅಕ್ಕ ಪಟ್ಟಿಯ ಹಾಳೆಗಳನ್ನು ಜೋಡಿಸಿ ಪಿನ್ ಹಾಕಿದರು. ತಮ್ಮ ತನ್ನ ಪಾಲಿಶ್ ಕಡ್ಡಿಗಳ ಡಬ್ಬಿ ಎತ್ತಿಕೊಂಡು ಹೋದ.

ಮರುವಾರ ನಾನು ಧೈರ್ಯ ಕೂಡಿಸಿಕೊಂಡು ಹೋದೆ. "ಅಕ್ಕ, ನಾನು ಯಜಮಾನರಿಗೆ ಹೇಳಿಬಿಡ್ತೀನಿ. ಹಾಗೆ ಬರೀರಿ ಅಂದವನು ನಾನು ಅಂತ. ನಿಮ್ಮ ತಮ್ಮನಿಗೂ ಹೇಳ್ತೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಈಗ ಹೇಳಿ ಏನು ಬಂತು? ನಿಮ್ಮ ಕೆಲಸ ಹೋಗುತ್ತೆ. ಅವನ ಕೆಲಸ ವಾಪಸ್ ಬರಲ್ಲ. ನೀವು ಹೇಳಿದ್ದು ನಿಜ. ಆದರೆ ಮೂರು ವಾರ ಬಿಚ್ಚಿಟ್ಟವಳು ನಾಲ್ಕನೇ ವಾರ ಯಾಕೆ ಬಿಟ್ಟೆ? ಅದನ್ನ ನೀವು ಹೇಳಿರಲಿಲ್ಲವಲ್ಲ. ಪುಸ್ತಕ ತಕ್ಕಡಿಗೆ ಹಾಕು ಅಂತಾನೂ ನೀವು ಹೇಳಿರಲಿಲ್ಲ."

ನಾನು ಅದನ್ನೇ ಅಪ್ಪಣೆ ಎಂದುಕೊಂಡು ಎದ್ದು ಬಂದೆ. ಅವರು ಅಷ್ಟು ಹೇಳಿದ್ದೇ ನನಗೆ ಸಾಕಾಗಿತ್ತು. ಆದರೆ ಅವರು ನನ್ನನ್ನು ತಡೆದರು ಎನ್ನುವುದು ಸರಿಯಲ್ಲ. ಒಂದು ಮಾತು ಹೇಳಿದರು ಅಷ್ಟೆ, ಮಿಕ್ಕದ್ದು ನನಗೆ ಬೇಕಾದ ಹಾಗೆ ನಾನು ಕೇಳಿಸಿಕೊಂಡೆ.

ಈಗಲೂ ನಾನು ವಿಮೆಯ ಕೆಲಸದಲ್ಲೇ ಇದ್ದೇನೆ. ಕಾರ್ಖಾನೆಗಳಿಗೆ ಹೋದಾಗ ಅರ್ಜಿ ತೆಗೆಯುವ ಮುಂಚೆ, ನಕಲಿನ ಡಿಸ್ಕ್ ಎಲ್ಲಿದೆ ತೋರಿಸಿ ಎನ್ನುತ್ತೇನೆ. ಬೀರು ತೆಗೆಸಿ ಕಣ್ಣಾರೆ ನೋಡುತ್ತೇನೆ. ಇಲ್ಲದಿದ್ದರೆ ಇಲ್ಲ ಎಂದೇ ಬರೆಸುತ್ತೇನೆ. ಪಾಲಿಸಿಗಳು ಕಡಿಮೆಯಾಗಿವೆ. ಹೊಸಬರು ನನ್ನನ್ನು ಪಿರಿಪಿರಿಯವನು ಎನ್ನುತ್ತಾರೆ. ಇದರಿಂದ ಹಿಂದಿನದೇನೂ ಸರಿಹೋಗುವುದಿಲ್ಲ ಎಂಬುದು ನನಗೆ ಗೊತ್ತು.

ಆಫೀಸಕ್ಕ ಎರಡು ಸಲ ರಾಜೀನಾಮೆ ಕೊಟ್ಟರು. ಯಜಮಾನರು ಎರಡು ಸಲವೂ ಹರಿದುಹಾಕಿದರು. ಐವತ್ತೆಂಟಕ್ಕೆ ನಿವೃತ್ತರಾದರು. ಬೀಳ್ಕೊಡುವ ದಿನ ಮೂವತ್ತೈದು ಜನವೂ ಇದ್ದರು. ಯಾರೂ ಹಳೆಯದನ್ನು ಎತ್ತಲಿಲ್ಲ. ಅವರೊಬ್ಬರೇ ಎದ್ದು ನಿಂತು, "ನನ್ನಿಂದ ತೊಂದರೆ ಆಯ್ತು, ಕ್ಷಮಿಸಿ" ಎಂದರು. ಅಷ್ಟು ಹೇಳಿ ಕೂತರು.

ಕಳೆದ ತಿಂಗಳು ತರಕಾರಿ ಅಂಗಡಿಯಲ್ಲಿ ಸಿಕ್ಕಿದ್ದರು. ನನ್ನ ಮಕ್ಕಳ ಬಗ್ಗೆ ಕೇಳಿದರು. ನಾನು ಅವರ ತಮ್ಮನ ಬಗ್ಗೆ ಕೇಳಿದೆ. ಅವನೀಗ ಊರಿನ ಇನ್ನೊಂದು ತುದಿಯಲ್ಲಿ ಸ್ಟೀಲ್ ಚಮಚಗಳಿಗೆ ಪಾಲಿಶ್ ಹಾಕುತ್ತಾನೆ. ಭಾನುವಾರ ಮಗಳನ್ನು ಅವಳ ಅತ್ತೆ ಆಫೀಸಕ್ಕನ ಮನೆಗೆ ಕಳಿಸುತ್ತಾನೆ. ತಾನು ಮಾತ್ರ ರಸ್ತೆಯ ತಿರುವಿನಲ್ಲೇ ಬೈಕು ನಿಲ್ಲಿಸಿ, ಹುಡುಗಿ ಒಳಗೆ ಹೋಗುವವರೆಗೆ ಅಲ್ಲೇ ಕೂತಿರುತ್ತಾನೆ.

"ಒಂದು ಸಲ ಕೈ ಬೀಸಿದೆ" ಎಂದರು, ಟೊಮೆಟೊ ಆರಿಸುತ್ತ. "ಹುಡುಗಿಗೆ ಅಂದ್ಕೊಂಡ ಅಂತ ಕಾಣುತ್ತೆ. ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೊರಟುಹೋದ."